ಎಲ್ಲಕ್ಕೂ ಒಂದೇ ಕುದಿ

ಮಾರ್ಚ್ 4, ಮಂಗಳವಾರ. ಸಂಜೆ

ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ಬಂತು. ಲ್ಯಾಬಿನಲ್ಲಿ ಸಂಭ್ರಮ. ಮನೆ ಕಟ್ಟಿಸುವಷ್ಟು ಬೆಲೆಯ ಮೈಕ್ರೋಸ್ಕೋಪು ಇದೆ, ತಪ್ಪಿ ಕೈ ತಗುಲಿದರೆ ಚರ್ಮವನ್ನು ಅಲ್ಲೇ ಬಿಟ್ಟು ಬರಬೇಕಾದ ಫ್ರೀಜರು ಇದೆ. ಆದರೆ ಇಡೀ ವಿಜ್ಞಾನ ನಿಂತಿರುವುದು ಪಾತ್ರೆ ಅಂಗಡಿಯಲ್ಲಿ ಚೌಕಾಸಿ ಮಾಡಿ ತಂದ ಈ ಕುಕ್ಕರಿನ ಮೇಲೆ. ಸ್ಲೈಡುಗಳನ್ನು ಇದರಲ್ಲಿ ಕುದಿಸದಿದ್ದರೆ ಬಣ್ಣ ಹಿಡಿಯುವುದಿಲ್ಲ. ಸಂಶೋಧನಾ ಪೇಪರಿನಲ್ಲಿ ಮಾತ್ರ 'ಅಧಿಕ ಒತ್ತಡದಲ್ಲಿ ಶಾಖಕ್ಕೆ ಒಳಪಡಿಸಲಾಯಿತು' ಎಂದು ಹುಬ್ಬು ಗಂಟಿಕ್ಕಿ ಬರೆಯುತ್ತೇವೆ. ವಿಷಲ್ ಎಂಬ ಶಬ್ದ ವಿಜ್ಞಾನದ ಮರ್ಯಾದೆಗೆ ಒಪ್ಪುವುದಿಲ್ಲ.

ಗ್ಯಾಸ್ಕೆಟ್ ಕೂರಿಸುವ ಗೌರವ ನನ್ನದು. ಮೇಲ್ವಿಚಾರಣೆ ಕತ್ತರಿಯದು. ಕತ್ತರಿ ಎಂದರೆ ನಮ್ಮಲ್ಲಿ ಸ್ಲೈಡಿಗೆ ಬೇಕಾದ ಸ್ಲೈಸ್ ಕತ್ತರಿಸುವವಳು. ಈರುಳ್ಳಿ ಪೊರೆಗಿಂತ ತೆಳ್ಳಗೆ ಕತ್ತರಿಸುತ್ತಾಳೆ; ನಾಲಿಗೆಯೂ ಅದೇ ಬ್ಲೇಡಿನದು.

"ಮದ್ವೆ ಆಗಿಲ್ಲ ಅಂತ ಕೊರಗ್ಬೇಡ. ಅಡಿಗೆಮನೆ ಕೆಲಸ ಎಲ್ಲಾ ಬರುತ್ತೆ ನಿಂಗೆ."

"ಜಾಹೀರಾತು ಕೊಡ್ಲಾ?"

"ಕೊಡು. ಆದ್ರೆ ವಿಷಲ್ ಎಣಿಸೋಕೂ ಬರುತ್ತೆ ಅಂತ ಬರೀಬೇಡ. ಹುಡುಗಿ ಮನೆಯವ್ರು ಪರೀಕ್ಷೆ ಮಾಡಿಬಿಟ್ಟಾರು."

ಎರಡೇ ವಿಷಲ್. ಲ್ಯಾಬು ನಡೆಸುವ ಮೇಷ್ಟ್ರ ಕಾನೂನು. ಸ್ಲೈಡು ಯಾವ ಬಾಟಲಿಯಿಂದ ಬಂದದ್ದಾದರೂ ಸರಿ, ಎಲ್ಲಕ್ಕೂ ಒಂದೇ ಕುದಿ. ಒಂದಕ್ಕೆ ಹೆಚ್ಚು ಒಂದಕ್ಕೆ ಕಮ್ಮಿ ಕುದಿಸಿ ಆಮೇಲೆ ಬಣ್ಣ ಹೋಲಿಸಿದರೆ ಅದು ವಿಜ್ಞಾನವಲ್ಲ, ಪಕ್ಷಪಾತ. ಸರಿಯಾದ ಮಾತು. ಮೇಷ್ಟ್ರ ಮಾತು ಯಾವಾಗಲೂ ಸರಿಯಾಗಿರುತ್ತದೆ. ಅವರ ಜೊತೆ ಕೆಲಸ ಮಾಡುವ ಕಷ್ಟವೇ ಅದು.

ಮನೆಗೆ ಬಂದರೆ ಮೇಡಂನವರ ದರ್ಬಾರು. ನಾಲ್ಕು ತಿಂಗಳಾಯಿತು ಈ ಸರ್ಕಾರ ಬಂದು. ಅಕ್ಕ, ಭಾವ, ನಾನು — ಮೂವರೂ ಖಾಯಂ ನೌಕರರು, ರಜೆ ಇಲ್ಲ, ಬಡ್ತಿ ಇಲ್ಲ. ಅಕ್ಕನಿಗೆ ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ ಮಗಳು. ಅಕ್ಕ ಟೈಲರ್ ಅಂಗಡಿಗೆ ಹೋಗುವುದು ಬಿಟ್ಟು ಮನೆಯಲ್ಲೇ ಹೊಲಿಯುತ್ತಾಳೆ. ಭಾವ ಕಾರು ಓಡಿಸಲು ಕಲಿಸುವವರು. ಸೋಫಾದಲ್ಲಿ ಕೂತಾಗಲೂ ಅವರ ಕಾಲು, ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತದೆ.

ಇವತ್ತು ಮೇಡಂಗೆ ಚುಚ್ಚುಮದ್ದು. ಮಕ್ಕಳ ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರಂತೆ. ಇನ್ನೊಂದು ಸಲ ನೋಡಿದರಂತೆ. ಒಂದು ಚೀಟಿ ಬರೆದು ಕೊಟ್ಟರಂತೆ, ಕಣ್ಣಿನವರಿಗೆ ತೋರಿಸಿ ಎಂದು.

ಅಕ್ಕ ಚೀಟಿಯನ್ನು ಫ್ರಿಜ್ಜಿನ ಮೇಲೆ ಇಟ್ಟಿದ್ದಾಳೆ. ಅದರ ಮೇಲೆ ಸಕ್ಕರೆ ಡಬ್ಬ.

ಮಾರ್ಚ್ 6, ಗುರುವಾರ

ಮೇಷ್ಟ್ರು ಇವತ್ತು ನಕ್ಕರು. ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕಾದ ಘಟನೆ.

ಕಾರಣ ಮೂರು ಬಾಟಲಿ. ನಮ್ಮ ಕಪಾಟಿನ ತುಂಬ ಬಾಟಲಿಗಳು, ಮೇಲೆ ನಂಬರು, ಪಕ್ಕದಲ್ಲಿ ಗರ್ಭದ ಎಷ್ಟನೇ ವಾರ ಎಂದು. ಒಳಗಿರುವುದು ಕಣ್ಣಿನಿಂದ ಮೆದುಳಿಗೆ ಹೋಗುವ ನರ. ಹುಟ್ಟುವ ಮೊದಲೇ ಹೋದವರದು. ಹೆತ್ತವರು ಒಪ್ಪಿ ಕೊಟ್ಟದ್ದು. ಲ್ಯಾಬಿನೊಳಗೆ ಯಾರೂ 'ಮಗು' ಅನ್ನುವುದಿಲ್ಲ. ಕೇಸು ಅನ್ನುತ್ತೇವೆ. ಯಾರೂ ಹೇಳಿಕೊಟ್ಟದ್ದಲ್ಲ... ಬಾಗಿಲಲ್ಲಿ ಚಪ್ಪಲಿ ಬಿಡುವ ಹಾಗೆ ಆ ಪದವನ್ನೂ ಹೊರಗೆ ಬಿಟ್ಟು ಬರುತ್ತೇವೆ.

ನರದ ಒಳಗೆ ಲಕ್ಷಗಟ್ಟಲೆ ಎಳೆ. ಒಂದೊಂದು ಎಳೆಯೊಳಗೂ ಅದು ಕುಸಿಯದ ಹಾಗೆ ಹಿಡಿದು ನಿಲ್ಲಿಸುವ ಪ್ರೋಟೀನು. ಮೊದಲು ಸಣ್ಣದು ಬರುತ್ತದೆ, ಚಪ್ಪರದ ಗಳುವಿನ ಹಾಗೆ. ಆಮೇಲೆ ದಪ್ಪದು. ತೊಲೆ ಅನ್ನುತ್ತೇವೆ ನಾವು. ತೊಲೆ ಬಂದ ಮೇಲೆ ಎಳೆ ಗಟ್ಟಿ. ತೊಲೆ ಇದ್ದರೆ ಸ್ಲೈಡು ಕಂದು ಬಣ್ಣ, ಇಲ್ಲದಿದ್ದರೆ ಬಿಳಿಚಿಕೊಂಡಿರುತ್ತದೆ. ಈ ಮೂರು ಬಾಟಲಿಯ ವಾರಕ್ಕೆ ತೊಲೆ ಬಂದಿರಲೇಬೇಕು. ಬಂದಿಲ್ಲ. ಎಳೆಗಳೆಲ್ಲ ಇವೆ, ತೊಲೆ ಇಲ್ಲ. ಆದರೆ ಇದಕ್ಕಿಂತ ಎರಡು ವಾರ ದೊಡ್ಡದಾದ ಯಾವ ಬಾಟಲಿಯಲ್ಲೂ ಈ ಕೊರತೆ ಇಲ್ಲ.

"ಅಂದ್ರೆ?" ಅಂದರು ಮೇಷ್ಟ್ರು. ಅವರು ಎಲ್ಲದಕ್ಕೂ ಅಂದ್ರೆ ಅನ್ನುತ್ತಾರೆ. ನೀರು ಬೇಕಾ ಸರ್ ಅಂದರೂ ಅಂದ್ರೆ.

"ಅಂದ್ರೆ ಸರ್, ಕೆಲವಕ್ಕೆ ತಡವಾಗಿ ಬರುತ್ತೆ. ಆದ್ರೆ ಬರುತ್ತೆ. ಹಿಂದೆ ಬಿದ್ದಿದ್ದೂ ಕೊನೆಗೆ ಹಿಡಿದುಬಿಡುತ್ತೆ."

ಆಗ ನಕ್ಕರು. ಹಲ್ಲು ಚೆನ್ನಾಗಿವೆ. ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ದರೋ.

ಮಾರ್ಚ್ 9, ಭಾನುವಾರ. ಮಧ್ಯಾಹ್ನ

ಮೇಡಂ ಎದುರು ಸರ್ಕಸ್ಸು. ಮಾತಾಡದೆ, ಸದ್ದು ಮಾಡದೆ, ಬರೀ ಮುಖ ಒಡ್ಡಿದೆ. ಕಣ್ಣು ಅರಳಿಸಿದೆ, ನಾಲಿಗೆ ಚಾಚಿದೆ, ತಲೆ ಮೇಲೆ ಅವಳದೇ ಟೋಪಿ ಇಟ್ಟುಕೊಂಡೆ. ಮೂವತ್ತು ದಾಟಿದ ಗಂಡಸು ಮಾಡಬಾರದ್ದೆಲ್ಲ ಮಾಡಿದೆ. ಮೇಡಂ ನನ್ನ ಮೂಲಕ ಗೋಡೆ ನೋಡಿದರು. ಗೋಡೆಯನ್ನೂ ನೋಡಲಿಲ್ಲ. ಕಣ್ಣು ಮೆಲ್ಲಗೆ ಆ ಕಡೆ ಹೋಯಿತು, ಈ ಕಡೆ ಬಂತು... ಜಾತ್ರೆಯಲ್ಲಿ ಕೈ ತಪ್ಪಿದವರನ್ನು ಹುಡುಕುವ ಹಾಗೆ.

ಕೆಂಪು ಚೆಂಡು ಆಡಿಸಿದೆ. ಇಲ್ಲ. ಕೆಮ್ಮಿದೆ. ತಟ್ಟನೆ ತಿರುಗಿ ಬೊಚ್ಚು ಬಾಯಿ ತುಂಬ ನಕ್ಕಳು.

ತಿರುಗಿದರೆ ಬಾಗಿಲಲ್ಲಿ ಅಕ್ಕ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಏನೋ ನೋಡ್ತಿದ್ದೆ?"

"ಏನಿಲ್ಲ. ಮೇಡಂ ಇಂಟರ್‌ವ್ಯೂ ತಗೋತಿದ್ರು. ನಾನು ಫೇಲು."

ಅಕ್ಕ ನಗಲಿಲ್ಲ. ದಾರಿಯಲ್ಲಿ ಹೋಗುವವರ ಸೊಂಟದ ಅಳತೆಯನ್ನು ನೋಟದಲ್ಲೇ ಹೇಳುವವಳು ಅಕ್ಕ. ಅವಳ ಎದುರು ಮುಖ ಮುಚ್ಚಿಕೊಳ್ಳುವುದು ಕಷ್ಟ.

"ನೀನು ಕಣ್ಣಿನ ನರದ ಮೇಲೇ ಅಲ್ವೇನೋ ಕೆಲಸ ಮಾಡೋದು? ಅಷ್ಟು ವರ್ಷ ಓದಿದ್ದು? ಬೇರೆಯವ್ರನ್ನ ಕೇಳಿದ್ರೆ ಹೆದರ್ಸ್ತಾರೆ. ನೀನು ಹೇಳು."

ಹೇಳಿದೆ. ಸುಳ್ಳು ಹೇಳಲಿಲ್ಲ, ಇದ್ದದ್ದನ್ನೇ ಹೇಳಿದೆ. ಮೂರು ಬಾಟಲಿಯ ಕಥೆ, ಗಳು, ತೊಲೆ, ತಡವಾದದ್ದೂ ಹಿಡಿದುಬಿಡುತ್ತದೆ ಎನ್ನುವುದು. "ನಾನೇ ಕಣ್ಣಾರೆ ನೋಡಿದೀನಿ ಅಕ್ಕಾ. ಇವಳದೂ ಹಾಗೇ ಇರಬಹುದು. ಒಂದಿಷ್ಟು ದಿನ ಕಾಯೋಣ."

ಅಕ್ಕ ಕೂತಳು. ನೆಲದ ಮೇಲೇ ಕೂತಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, "ಅಷ್ಟೇನಾ? ಬರೀ ತಡಾನಾ? ನಿನ್ನ ಹಾಗೇ ಆಯ್ತು ಬಿಡು. ನೀನೂ ಮಾತಾಡಿದ್ದು ಎಲ್ಲರಿಗಿಂತ ತಡ. ಈಗ ಬಾಯಿ ಮುಚ್ಚಿಸೋಕಾಗಲ್ಲ" ಅಂದಳು.

ಸಂಜೆ ಭಾವ ಮೂರು ಸಲ ಬಂದು ಕೇಳಿದರು, ತೊಲೆ ಬರುತ್ತಲ್ಲಪ್ಪಾ, ಗ್ಯಾರಂಟಿ ಬರುತ್ತಲ್ಲಾ ಎಂದು. ಮನೆ ಕಟ್ಟಿಸುತ್ತಿರುವವರ ಹಾಗೆ.

ಚೀಟಿ ಸಕ್ಕರೆ ಡಬ್ಬದ ಅಡಿಯಲ್ಲೇ ಇದೆ.

ಮಾರ್ಚ್ 24, ಸೋಮವಾರ

ಪೇಪರು ಕಳಿಸಿದೆವು. ಮೇಷ್ಟ್ರು ನನ್ನ ಹೆಸರನ್ನು ಮೊದಲು ಹಾಕಿದ್ದಾರೆ. ಕತ್ತರಿ ತನ್ನ ಹೆಸರು ಮೂರನೆಯದು ಎಂದು ಎರಡು ದಿನ ಮಾತು ಬಿಟ್ಟಳು. ಲ್ಯಾಬಿನ ಇತಿಹಾಸದಲ್ಲೇ ಅತ್ಯಂತ ಶಾಂತವಾದ ಎರಡು ದಿನ.

ಮನೆಯಲ್ಲಿ ಅಕ್ಕ ಹಾಡಿಕೊಂಡು ಹೊಲಿಯುತ್ತಾಳೆ. ಮೇಡಂಗೆ ಕಪ್ಪು ಬಿಳುಪು ಪಟ್ಟೆಯ ಅಂಗಿ ಹೊಲಿದಿದ್ದಾಳೆ. ಕಣ್ಣಿಗೆ ಒಳ್ಳೆಯದಂತೆ. ಮೇಡಂ ಪುಟ್ಟ ಕೈದಿಯ ಹಾಗೆ ಕಾಣಿಸುತ್ತಾಳೆ. ಹಾಗೆಂದು ಹೇಳಿ ಬೈಸಿಕೊಂಡೆ.

ಏಪ್ರಿಲ್ 2, ಬುಧವಾರ. ಸಂಜೆ

ಹತ್ತೂವರೆಗೆ ಸ್ಲೈಡು ಕುಕ್ಕರಿಗೆ ಹಾಕಿದ್ದೆ. ಆ ಮೂರರಲ್ಲಿ ಒಂದರದು. ಕಳಿಸಿದ ಪೇಪರಿಗೆ ಸೇರಿಸಲು ಇನ್ನೊಂದು ಚಂದದ ಫೋಟೋ ಬೇಕು ಅಂದಿದ್ದರು ಮೇಷ್ಟ್ರು. ಅಷ್ಟರಲ್ಲಿ ಫೋನು. ಅಕ್ಕ.

"ನೋಡಿದ್ಳು ಕಣೋ!"

"ಏನನ್ನ?"

"ಕಿಟಕಿ! ಕಿಟಕಿ ಕಡೆ ತಿರುಗಿದ್ಳು. ನಾನು ಮಾತೇ ಆಡಿರ್ಲಿಲ್ಲ. ಸುಮ್ನೆ ಕೂತಿದ್ದೆ. ಬೆಳಕು ಬಂತು ನೋಡು, ತಿರುಗಿದ್ಳು. ಬಂತಲ್ವೇನೋ? ತೊಲೆ ಬಂತು ಅಲ್ವಾ?"

ಕಾರಿಡಾರಿಗೆ ಓಡಿದೆ. ಅಕ್ಕ ಅಳುತ್ತಿದ್ದಳು, ನಗುತ್ತಿದ್ದಳು, ಮಧ್ಯೆ ಮೇಡಂ ಕೈಗೂ ಫೋನು ಕೊಟ್ಟಳು. ಮೇಡಂ ಜೊಲ್ಲು ಸಮೇತ ಅಧಿಕೃತ ಹೇಳಿಕೆ ಕೊಟ್ಟಳು. ನಾನೂ ಅತ್ತೆ ಅಂತ ಕಾಣುತ್ತೆ. ಪಕ್ಕದ ರೂಮಿನವರು ಹಣಕಿ ನೋಡಿ, ಯಾರೋ ಹೋಗಿಬಿಟ್ಟರು ಎಂದುಕೊಂಡು ಟೀ ತಂದುಕೊಟ್ಟರು.

ವಾಪಸು ಬಂದರೆ ಕುಕ್ಕರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದೆ. ಎಷ್ಟು ವಿಷಲ್ ಆಯಿತೋ ದೇವರಿಗೇ ಗೊತ್ತು. ನೀರು ತಳ ಹಿಡಿದಿತ್ತು. ಕತ್ತರಿ ಅತ್ತ ಕಪಾಟಿನ ರೂಮಿನಲ್ಲಿದ್ದಳು, ಬಂದವಳು ಮುಖ ನೋಡಿ ಬೈಯಲಿಲ್ಲ.

"ಬಿಸಾಕು. ಹೊಸದು ಕಟ್ ಮಾಡ್ಕೊಡ್ತೀನಿ."

ಬಿಸಾಡಲು ಮನಸ್ಸು ಬರಲಿಲ್ಲ. ಇವತ್ತು ಏನನ್ನೂ ಬಿಸಾಡುವ ದಿನವಲ್ಲ. ಸುಮ್ಮನೆ ಬಣ್ಣಕ್ಕೆ ಇಟ್ಟು ಬಂದೆ.

ಮನೆಗೆ ಬರುತ್ತಾ ಕೆಂಪು ಬಲೂನು ತಂದೆ. ಮೇಡಂ ಕಿಟಕಿಯ ಕಡೆ ಮತ್ತೆ ತಿರುಗಿದಳು. ಅಕ್ಕ ನನ್ನ ಕೈ ಹಿಡಿದುಕೊಂಡಳು. ನಾನೂ ಕಿಟಕಿ ನೋಡಿದೆ. ಹೊರಗೆ, ಸಿಮೆಂಟಿನ ಸಜ್ಜೆಯ ಮೇಲೆ ಪಾರಿವಾಳ. ಪಟಪಟ ರೆಕ್ಕೆ ಬಡಿಯುತ್ತಿತ್ತು. ಅದು ಹಾರಿಹೋಯಿತು. ಮೇಡಂ ಮುಖ ತಿರುಗಿಸಿದಳು.

ಅಕ್ಕ ಪಾರಿವಾಳ ನೋಡಲಿಲ್ಲ.

ಏಪ್ರಿಲ್ 3, ಗುರುವಾರ

ಸ್ಲೈಡು ಕಂದು. ಪೂರ್ತಿ ಕಂದು. ತೊಲೆ ಇದೆ.

ಏಪ್ರಿಲ್ 4, ಶುಕ್ರವಾರ

ಉಳಿದ ಎರಡನ್ನೂ ಬೇಕೆಂದೇ ಹೆಚ್ಚು ಕುದಿಸಿದೆವು. ಎರಡೂ ಕಂದು. ಹೆಚ್ಚು ಕುದಿಸಿದ್ದಕ್ಕೇ ಸುಳ್ಳು ಬಣ್ಣ ಕೂತಿರಬಹುದು ಎಂದು ಬಡಿದಾಡಿದೆ. ತೊಲೆ ಬರಲು ಸಾಧ್ಯವೇ ಇಲ್ಲದ ಚಿಕ್ಕ ವಾರದ್ದನ್ನೂ ಅಷ್ಟೇ ಕುದಿಸಿ ನೋಡಿದೆವು. ಅದು ಬಿಳಿ. ನನ್ನ ವಕಾಲತ್ತು ವಜಾ.

ಕಾರಣ ಹುಡುಕಲು ಕತ್ತರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೋದ ವರ್ಷ ಕಟ್ಟಡ ರಿಪೇರಿ ಎಂದು ಲ್ಯಾಬು ಮುಚ್ಚಿತ್ತಲ್ಲ, ಆಗ ಬಂದ ಬಾಟಲಿಗಳು ಈ ಮೂರು. ಬೇರೆಯವು ಕೊಳೆಯದ ಹಾಗೆ ಕಾಯುವ ಫಾರ್ಮಲಿನ್‌ನಲ್ಲಿ ಒಂದೆರಡು ದಿನ ಇದ್ದು ಹೊರಬಂದವು. ಇವು ಇಡೀ ಬೇಸಿಗೆ ಅದರಲ್ಲೇ ನೆನೆದವು. ಫಾರ್ಮಲಿನ್ ಹೆಚ್ಚಾದರೆ ಪ್ರೋಟೀನನ್ನು ಗಂಟು ಹಾಕಿ ಬಚ್ಚಿಡುತ್ತದೆ, ಬಣ್ಣಕ್ಕೆ ಸಿಗುವುದಿಲ್ಲ. ಆ ಗಂಟು ಬಿಚ್ಚಲೆಂದೇ ಕುದಿಸುವುದು. ಇವಕ್ಕೆ ಹೆಚ್ಚು ಕುದಿ ಬೇಕಿತ್ತು. ಇದು ನಮಗೆ ಮೂವರಿಗೂ ಗೊತ್ತಿದ್ದ ಪಾಠ. ಹೊಸಬರಿಗೆ ನಾನೇ ಕಲಿಸುವ ಪಾಠ. ಆದರೆ ಎಲ್ಲಕ್ಕೂ ಒಂದೇ ಕುದಿ ಎಂಬ ಕಾನೂನು ಎಷ್ಟು ಪವಿತ್ರವಾಗಿತ್ತೆಂದರೆ ಪಾಠ ಯಾರಿಗೂ ನೆನಪಾಗಲಿಲ್ಲ.

ಮೇಷ್ಟ್ರು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. "ಅಂದ್ರೆ" ಅಂದರು. ಈ ಸಲ ಅದು ಪ್ರಶ್ನೆಯಾಗಿರಲಿಲ್ಲ.

"ಪೇಪರ್ ವಾಪಸ್ ತಗೋಬೇಕು ಸರ್."

"ನ್ಯಾಯವಾಗಿರೋಣ ಅಂತ ಮಾಡಿದ್ದು" ಅಂದರು. ಕನ್ನಡಕ ಒರೆಸಿದರು. ಆಮೇಲೆ ಒರೆಸುತ್ತಲೇ ಇದ್ದರು.

ಪೇಪರು ಹಾಳಾಗಿ ಹೋಗಲಿ. ಪೇಪರಿಗೆ ಇನ್ನೊಂದು ಪೇಪರು ಬರುತ್ತದೆ. ತಡವಾದ ನರ ಎಂಬುದನ್ನೇ ನಾನು ನೋಡಿಲ್ಲ. ನೋಡಿಲ್ಲದ್ದನ್ನು ಕಣ್ಣಾರೆ ನೋಡಿದೀನಿ ಅಕ್ಕಾ ಅಂದೆ.

ಏಪ್ರಿಲ್ 19, ಶನಿವಾರ

ಇಷ್ಟು ದಿನ ಬರೆಯಲಿಲ್ಲ. ಬರೆದರೆ ನಿಜವಾದ ಹಾಗೆ ಆಗುತ್ತದೆ.

ಒಂದು ಕೆಲಸ ಮಾಡಿದೆ. ಸಕ್ಕರೆ ಡಬ್ಬ ಎತ್ತಿ ಚೀಟಿ ತೆಗೆದು, "ಹೇಗೂ ತೋರಿಸಿಬಿಡೋಣ ಅಕ್ಕಾ, ಸುಮ್ನೆ ಒಂದು ಸಲ" ಅಂದೆ. ಅಕ್ಕ ಥಟ್ಟನೆ ಒಪ್ಪಿದಳು. "ತೋರ್ಸೋಣ. ಅವ್ರಿಗೂ ಗೊತ್ತಾಗ್ಲಿ" ಅಂದಳು. ಪಾಸಾದ ಮಗುವನ್ನು ನೆಂಟರ ಮನೆಗೆ ಕರೆದುಕೊಂಡು ಹೋಗುವ ಉತ್ಸಾಹ.

ಹೇಳಬೇಕೆಂದು ಬಾಯಿ ತೆರೆದೆ. "ಪಟ್ಟೆ ಅಂಗಿ ಹಾಕ್ಬೇಡ, ಅಲ್ಲಿ ಪೊಲೀಸ್ನೋರು ಇರ್ತಾರೆ" ಅಂದೆ. ನನ್ನ ಬಾಯಿಗೆ ಹಾಸ್ಯವೇ ಬರುತ್ತದೆ. ಕೆಲವರಿಗೆ ವಾಂತಿ ಬರುವ ಹಾಗೆ.

ಏಪ್ರಿಲ್ 26, ಶನಿವಾರ. ಮಧ್ಯಾಹ್ನ

ಕಣ್ಣಿನ ಡಾಕ್ಟರಮ್ಮ ಮೇಡಂ ಕಣ್ಣಿಗೆ ಹನಿ ಹಾಕಿದರು. ಕಣ್ಣಿನ ಪಾಪೆ ಹಿಗ್ಗುವವರೆಗೆ ಕಾಯಬೇಕು. ಭಾವ ಕುರ್ಚಿಯಲ್ಲಿ ಕೂತು ಬ್ರೇಕು ಒತ್ತುತ್ತಲೇ ಇದ್ದರು. ಯಾವ ಗಾಡಿಯೂ ನಿಲ್ಲಲಿಲ್ಲ.

ಡಾಕ್ಟರಮ್ಮ ಹಣೆಗೆ ದೀಪ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು. ಎಡಗಣ್ಣು. ಬಲಗಣ್ಣು. ಮತ್ತೆ ಎಡಗಣ್ಣು. ಆಮೇಲೆ ಕಾಗದದ ಮೇಲೆ ಎರಡು ಸುತ್ತು ಬರೆದರು, ಒಂದು ದೊಡ್ಡದು, ಅದರೊಳಗೆ ಒಂದು ಸಣ್ಣದು.

"ನರ ಇಷ್ಟು ದಪ್ಪ ಇರ್ಬೇಕಮ್ಮ. ಪಾಪುದು ಇಷ್ಟಿದೆ. ಎರಡೂ ಕಡೆ. ಎಳೆಗಳು ಇರಬೇಕಾದಷ್ಟು ಇಲ್ಲ."

ಅಕ್ಕ ತಲೆ ಆಡಿಸಿದಳು. ಪಾಠ ಮೊದಲೇ ಓದಿಕೊಂಡು ಬಂದ ವಿದ್ಯಾರ್ಥಿಯ ಹಾಗೆ. "ತಡ ಅಲ್ವಾ ಡಾಕ್ಟ್ರೇ? ತಡವಾಗಿ ಬಲೀತವೆ."

"ತಡವಾಗಿ ನೋಡೋಕೆ ಶುರು ಮಾಡೋ ಮಕ್ಕಳಿದಾರೆ. ಅಂಥ ಮಕ್ಕಳ ನರ ನೋಡಿದ್ರೆ ಸರಿಯಾಗೇ ಇರುತ್ತೆ. ಇದು ಆ ಥರ ಅಲ್ಲಮ್ಮ. ತಡ ಆಗಿರೋದಲ್ಲ, ಇಲ್ಲದೇ ಇರೋದು."

"ಇಲ್ಲ ಇಲ್ಲ, ನಮ್ಮ ತಮ್ಮ ಇದ್ರ ಮೇಲೇ ಕೆಲಸ ಮಾಡ್ತಾನೆ. ಹೇಳೋ. ನೀನು ನೋಡಿದ್ದು ಹೇಳೋ ಇವ್ರಿಗೆ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಅಣಕವಿರಲಿಲ್ಲ, ನಿಜವಾದ ಕುತೂಹಲ. "ಹೌದಾ? ಯಾವುದರ ಮೇಲೆ?"

ಆ ರೂಮಿನ ಗೋಡೆಯ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಅಕ್ಷರಗಳ ಬೋರ್ಡು ಇತ್ತು. ಕೊನೆಯ ಸಾಲಿನವರೆಗೂ ಓದಿದೆ. ನನ್ನ ಕಣ್ಣು ಚೆನ್ನಾಗಿದೆ.

"ಇನ್ನೂ... ಕೆಲಸ ನಡೀತಿದೆ" ಅಂದೆ.

ಅಷ್ಟೇ ಸಾಕಾಯಿತು ಅಕ್ಕನಿಗೆ. ಡಾಕ್ಟರಮ್ಮನಿಗೂ ಸಾಕಾಯಿತು; ಬೇರೆಯದೇ ರೀತಿಯಲ್ಲಿ. ನನ್ನನ್ನು ಒಂದು ಗಳಿಗೆ ನೋಡಿ, ತಲೆಯ ಸ್ಕ್ಯಾನಿಗೆ, ರಕ್ತ ಪರೀಕ್ಷೆಗೆ ಬರೆದರು. ಈ ನರ ಸಣ್ಣದಾದವರಿಗೆ ಕೆಲವೊಮ್ಮೆ ಹಾರ್ಮೋನೂ ಕಮ್ಮಿಯಿರುತ್ತದಂತೆ. ಆಮೇಲೆ, ಇಂಥ ಪಾಪುಗಳಿಗೆ ಕಿವಿಯಿಂದ, ಕೈಯಿಂದ ಕಲಿಸುವ ಕ್ಲಾಸು ಇದೆ, ತಿಂಗಳುಗಳು ಅಮೂಲ್ಯ, ನಾಳೆಯೇ ಸೇರಿಸಿ ಅಂದರು.

ಆಟೋದಲ್ಲಿ ಅಕ್ಕ ಹೇಳಿದಳು, "ಒಳ್ಳೆಯವ್ರು ಪಾಪ. ಆದ್ರೆ ಹೊಸಾ ವಿಷಯ ಅವ್ರಿಗೆ ಗೊತ್ತಿಲ್ಲ."

ಮೇ 4, ಭಾನುವಾರ. ಸಂಜೆ

ಸ್ಕ್ಯಾನೂ ರಕ್ತವೂ ಸರಿಯಾಗಿವೆ. ಅಷ್ಟರ ಮಟ್ಟಿಗೆ ಉಳಿದೆವು. ಭಾವ ಕ್ಲಾಸಿನ ಮಾತೆತ್ತಿದರು. ಅವರು ಮಾತೆತ್ತುವುದೇ ಅಪರೂಪ.

"ಅದು ಕುರುಡು ಮಕ್ಕಳ ಕ್ಲಾಸು ರೀ" ಅಂದಳು ಅಕ್ಕ. ಮಿಷನ್ ತುಳಿಯುವುದು ನಿಲ್ಲಿಸಲಿಲ್ಲ. "ನಾಲ್ಕು ತಿಂಗಳು ಅಲ್ಲಿ ಕೂರ್ಸಿ, ಆಮೇಲೆ ಕಣ್ಣು ಬಂದ್ರೆ? ಇವಳಿಗೆ ತಡ ಅಷ್ಟೇ. ಇವನನ್ನ ಕೇಳಿ."

ಭಾವ ನನ್ನನ್ನು ಕೇಳಲಿಲ್ಲ. ನೋಡಿದರು. ಎದ್ದು ಮೇಡಂನ ಎತ್ತಿಕೊಂಡು ವರಾಂಡಕ್ಕೆ ಹೋದರು.

ಹೇಳಿದೆ. ಕುಕ್ಕರಿನಿಂದ ಶುರು ಮಾಡಿದೆ. ಬೇರೆ ಎಲ್ಲಿಂದ ಶುರು ಮಾಡಬೇಕು ತಿಳಿಯಲಿಲ್ಲ. ಮೊದಲು ಅಕ್ಕ ಅದನ್ನು ನನ್ನ ಇನ್ನೊಂದು ತಮಾಷೆ ಎಂದುಕೊಂಡು, "ಸೀದುಹೋಯ್ತಾ?" ಅಂದಳು. ಅರ್ಧ ನಕ್ಕಳು. ಆಮೇಲೆ ಮಿಷನ್ ನಿಂತಿತು.

"ಹಾಗಾದ್ರೆ ಆ ಮೂರಕ್ಕೂ..."

"ಅವಕ್ಕೆ ಏನೂ ಆಗಿರ್ಲಿಲ್ಲ ಅಕ್ಕಾ. ತೊಲೆ ಮೊದ್ಲಿಂದ್ಲೂ ಇತ್ತು. ನಮಗೆ ಕಂಡಿರ್ಲಿಲ್ಲ ಅಷ್ಟೆ."

"ಅವು ಮಕ್ಕಳೇ ಅಲ್ವೇನೋ?"

ಆ ಪದವನ್ನು ಎಷ್ಟು ವರ್ಷವಾಯಿತು ಬಾಗಿಲ ಹೊರಗೆ ಬಿಟ್ಟು.

"ಹೂಂ."

"ಹೋದವಕ್ಕೆ ಎಲ್ಲಾ ಸರಿಯಾಗಿತ್ತು" ಅಂದಳು. ಹೊಲಿಗೆಯ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದಳು. "ಇದ್ದವಳಿಗೆ ಇಲ್ಲ."

ತುಂಡಾದ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

"ಯಾವತ್ತು ಗೊತ್ತಾಯ್ತು ನಿಂಗೆ?"

"ನೀನು ಕಿಟಕಿ ಅಂತ ಫೋನ್ ಮಾಡಿದ್ಯಲ್ಲ. ಅದರ ಮಾರನೇ ದಿನ."

ಲೆಕ್ಕ ಹಾಕಿದಳು. ಅವಳು ಅಳತೆ ಲೆಕ್ಕ ಹಾಕುವಾಗ ತುಟಿ ಅಲ್ಲಾಡುತ್ತದೆ. ಡಾಕ್ಟರ ರೂಮಿನವರೆಗೆ ಬಂದಾಗ ತುಟಿ ನಿಂತಿತು.

"ಅಲ್ಲಿ ಕೂತಾಗ ಗೊತ್ತಿತ್ತು."

"ಹೂಂ."

"ನಾನು ಹೇಳೋ ಹೇಳೋ ಅಂತ ಕೂಗ್ತಿದ್ದೆ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೊಲಿಯುತ್ತಿದ್ದ ಅಂಗಿ ಮಡಿಸಿಟ್ಟು, ಮಿಷನ್ನಿಗೆ ಮುಚ್ಚಳ ಹಾಕಿ, ಒಳಗೆ ಹೋದಳು. ಬಾಗಿಲು ಕೂಡ ಮೆಲ್ಲಗೆ ಹಾಕಿಕೊಂಡಳು.

ಮೇ 5, ಸೋಮವಾರ

ಭಾವ ಕ್ಲಾಸಿಗೆ ಹೆಸರು ಬರೆಸಿ ಬಂದರು. ಅಕ್ಕ ರಸೀದಿ ತೆಗೆದು ಒಳಗಿಟ್ಟಳು. ನನಗೆ ತಟ್ಟೆ ಇಟ್ಟಳು. ಮಾತಿಲ್ಲ.

ಮೇ 9, ಶುಕ್ರವಾರ

ಮಾತಿಲ್ಲ.

ಲ್ಯಾಬಿನಲ್ಲಿ ಕತ್ತರಿ ಕೇಳಿದಳು, "ಏನೋ, ಜೋಕು ಸ್ಟಾಕ್ ಇಲ್ವಾ?"

"ಫಾರ್ಮಲಿನ್‌ನಲ್ಲಿದೆ" ಅಂದೆ. ಅವಳು ನಗಲಿಲ್ಲ. ನನ್ನ ಟೇಬಲ್ಲಿನ ಸ್ಲೈಡುಗಳನ್ನೆಲ್ಲ ತಾನೇ ತೆಗೆದುಕೊಂಡು ಹೋದಳು. "ನಾಲ್ಕು ದಿನ ಬರ್ಬೇಡ, ಮೇಷ್ಟ್ರಿಗೆ ನಾನು ಹೇಳ್ತೀನಿ." ಮನೆಯಲ್ಲಿ ಕೂತು ಏನು ಮಾಡಲಿ. ಹೋಗುತ್ತೇನೆ, ದಿನಾ ಹೋಗುತ್ತೇನೆ.

ಇನ್ನೊಂದು ವಿಷಯ. ಇದನ್ನು ಅಕ್ಕನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಗರ್ಭದಲ್ಲಿ ಎಲ್ಲರಿಗೂ ಎಳೆಗಳು ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹುಟ್ಟುತ್ತವೆ. ಆಮೇಲೆ ಅರ್ಧಕ್ಕಿಂತ ಹೆಚ್ಚು ತಾವೇ ಸಾಯುತ್ತವೆ. ನನ್ನದೂ ಸತ್ತಿವೆ, ಮೇಷ್ಟ್ರದೂ. ಆ ಸಾವು ಒಂದು ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಮೇಡಂಗೆ ನಿಲ್ಲಲಿಲ್ಲವೇನೋ. ಅಥವಾ ಮೊದಲೇ ಕಮ್ಮಿ ಹುಟ್ಟಿದವೋ. ಯಾಕೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಿರುವವನು ಎಂದು ಮನೆಯವರು ನಂಬಿದ್ದವನು ನಾನು.

ಮೇ 20, ಮಂಗಳವಾರ. ಮಧ್ಯಾಹ್ನ

ಜ್ವರ ಎಂದು ಮನೆಯಲ್ಲಿದ್ದೆ. ಅಕ್ಕ ರೂಮಿಗೆ ಬಂದಳು. ಮಂಚದ ತುದಿಯಲ್ಲಿ ಕೂತಳು. ಎರಡು ವಾರದ ಮೇಲೆ ಮೊದಲ ಮಾತು.

"ಇನ್ನೊಂದ್ ಸಲ ಹೇಳೋ."

"ಏನನ್ನ?"

"ಆವತ್ತು ಹೇಳಿದ್ಯಲ್ಲ. ತಡ ಅಂತ. ಹಿಡಿದುಬಿಡುತ್ತೆ ಅಂತ. ಅದೇ ಥರ ಹೇಳು. ಕೈ ಆಡಿಸ್ಕೊಂಡು ಹೇಳ್ತಿದ್ದೆ ನೋಡು, ಹಾಗೆ."

"ಅಕ್ಕಾ, ಅದು ಸುಳ್ಳು..."

"ಗೊತ್ತೋ ಮಾರಾಯ. ನಂಗೆ ಗೊತ್ತಿಲ್ವಾ? ಕ್ಲಾಸಿಗೆ ಕರ್ಕೊಂಡು ಹೋಗ್ತಿಲ್ವಾ ನಾನು? ಎರಡು ತಿಂಗಳು ನಿದ್ದೆ ಮಾಡಿದ್ದೆ ಕಣೋ ನಾನು ಅದನ್ನ ಕೇಳಿ. ಅವಳು ಹುಟ್ಟಿದ್ಮೇಲೆ ನಿದ್ದೆ ಮಾಡಿದ್ದು ಅಷ್ಟೇ. ಒಂದ್ಸಲ ಹೇಳು. ಮತ್ತೆ ಕೇಳಲ್ಲ."

ಬಾಯಿ ತೆರೆದೆ. ನಾನು ಯಾವುದಕ್ಕೂ ಮಾತು ಸಿಗದವನಲ್ಲ. ಹೆಣದ ಮುಂದೆ ಕೂತವರನ್ನೂ ನಗಿಸಿದವನು. ಹಾಸ್ಯವೂ ಬರಲಿಲ್ಲ.

ಅಕ್ಕ ಹಣೆ ಮುಟ್ಟಿ ಜ್ವರ ನೋಡಿದಳು. "ಇನ್ನೂ ಸುಡ್ತಿದೆ" ಅಂದಳು. ಎದ್ದು ಹೋದಳು.

ಹೇಳಿಬಿಡಬೇಕಿತ್ತು. ಹೇಳಬಾರದಾಗಿದ್ದಾಗ ಎಷ್ಟು ಸಲೀಸಾಗಿ ಬಂತು.

ಜೂನ್ 1, ಭಾನುವಾರ. ಸಂಜೆ

ಭಾವನಿಗೆ ಭಾನುವಾರವೂ ಕೆಲಸ. ಕ್ಲಾಸಿಗೆ ಅಕ್ಕನ ಜೊತೆ ನಾನು ಹೋದೆ. ಅಕ್ಕ ಬೇಡ ಅನ್ನಲಿಲ್ಲ. ಬಾ ಅಂತಲೂ ಅನ್ನಲಿಲ್ಲ. ಚೀಲ ಕೈಗೆ ಕೊಟ್ಟಳು.

ಒಂದು ದೊಡ್ಡ ಕೋಣೆ, ಚಾಪೆಗಳು, ಗಿಲಕಿ, ಒರಟು ಬಟ್ಟೆ, ನುಣುಪು ಬಟ್ಟೆ. ಅಮ್ಮಂದಿರು. ಯಾರೂ ಅಳುತ್ತಿರಲಿಲ್ಲ. ಒಬ್ಬಳು ಇನ್ನೊಬ್ಬಳ ಹತ್ತಿರ ಗಂಡನ ದೂರು ಹೇಳುತ್ತಿದ್ದಳು. ಕಲಿಸುವ ಟೀಚರು ದೊಡ್ಡ ದನಿಯ ಹೆಂಗಸು. ನಾನು ಮೇಡಂನ ಎತ್ತಿಕೊಳ್ಳಲು ಬಗ್ಗಿದೆ. ಮೇಡಂ ಬೆಚ್ಚಿಬಿದ್ದಳು. ಕೈಕಾಲು ಬಿಟ್ಟು ಕಿರುಚಿದಳು.

"ಹಾಗೆ ಮುಟ್ಬೇಡಿ ಮಾವನವ್ರೇ" ಅಂದರು ಟೀಚರು. "ಅವಳಿಗೆ ನೀವು ಆಕಾಶದಿಂದ ಬಿದ್ದ ಹಾಗೆ. ಮೊದ್ಲು ದನಿ. ಯಾರು ಅಂತ ಹೇಳಿ. ಏನು ಮಾಡ್ತೀನಿ ಅಂತ ಹೇಳಿ. ಆಮೇಲೆ ಮುಟ್ಟಿ. ದಿನಾ, ಪ್ರತೀ ಸಲ. ನೀವು ಹೇಳಿದ್ದನ್ನೇ ಅವಳು ನಂಬೋದು."

ಅಕ್ಕ ಒರಟು ಬಟ್ಟೆ, ನುಣುಪು ಬಟ್ಟೆ ಬೇರೆ ಬೇರೆ ಮಾಡಿಡುತ್ತಿದ್ದಳು. ತಲೆ ಎತ್ತಲಿಲ್ಲ.

ಈಗ ಮನೆ. ಅಕ್ಕ ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದಾಳೆ. ಮೇಡಂ ಎದ್ದಿದ್ದಾಳೆ, ತೊಟ್ಟಿಲಲ್ಲಿ ತನ್ನ ಕೈ ತಾನೇ ಹಿಡಿದುಕೊಂಡು ಮಾತಾಡಿಸುತ್ತಿದ್ದಳು. ಇಲ್ಲಿಂದಲೇ "ಮೇಡಂ" ಅಂದೆ. ಸುಮ್ಮನಾದಳು. ಉಸಿರು ಹಿಡಿದು ಕಾಯುತ್ತಿದ್ದಾಳೆ, ಮುಖ ಪೂರ್ತಿ ನನ್ನ ಕಡೆಗೆ. ಯಾರು ಅಂತ ಹೇಳಬೇಕು. ಹೇಳಿ ಆಮೇಲೆ ಮುಟ್ಟಬೇಕು.

ಮೇಡಂ, ನಾನು